ಮೈಕಾದಲ್ಲಿ ಅಭ್ರಕ ಇಲ್ಲ

ಬೀರು ಬಾಗಿಲಿಗೆ ಅಂಟಿಸುವ ‘ಮೈಕಾ’ವನ್ನು ನಿಮ್ಮ ಲೇಖನದಲ್ಲಿ ಅಭ್ರಕದ (ಪದರಪದರವಾಗಿ ಬಿಡುವ ಖನಿಜ, ಇಂಗ್ಲಿಷಿನಲ್ಲಿ ಮೈಕಾ) ಹಾಳೆ ಎಂದಿದ್ದೀರಿ. ದಯವಿಟ್ಟು ತಿದ್ದಿ. ಅದು ಲ್ಯಾಮಿನೇಟ್: ಫಿನಾಲಿಕ್ ಎಂಬ, ಬಿಸಿಗೆ ಗಟ್ಟಿಯಾಗುವ ರಾಳದಲ್ಲಿ ಅದ್ದಿದ ಕ್ರಾಫ್ಟ್ ಕಾಗದದ (ಗಟ್ಟಿ ಕಂದು ಕಾಗದ) ಹಲವು ಪದರ, ಮೇಲೆ ಮೆಲಮೈನ್ ಎಂಬ ಇನ್ನೊಂದು ರಾಳ ಹೀರಿದ ಬಣ್ಣದ ಕಾಗದ, ಎಲ್ಲವನ್ನೂ ಬಿಸಿಯಲ್ಲಿ ಒತ್ತಿ ಒಂದಾಗಿಸಿದ್ದು. 1912ರ ಸುಮಾರಿಗೆ ಅಮೆರಿಕದಲ್ಲಿ ವಿದ್ಯುತ್ ನಿರೋಧಕವಾಗಿ ಅಭ್ರಕದ ಬದಲಿಗೆ ಇಂಥದ್ದು ಬಂತು; ‘ಫಾರ್ ಮೈಕಾ’ (ಅಭ್ರಕದ ಬದಲಿಗೆ) ಎಂಬುದೇ ‘ಫಾರ್ಮೈಕಾ’ ಆಯಿತು. ನಮ್ಮ ಬಡಗಿಗಳ ಬಾಯಲ್ಲಿ ಬರೀ ಮೈಕಾ.

ಈ ಲ್ಯಾಮಿನೇಟ್ ಅಂಟಿಸುವ ಪ್ಲೈವುಡ್‌ನ ‘ಪ್ಲೈ’ ಎಂದರೂ ಪದರವೇ, ಆದರೆ ಅಲ್ಲಿರುವುದು ಮರದ ತೆಳು ಹಾಳೆಗಳು, ಎಳೆ ಒಂದಕ್ಕೊಂದು ಅಡ್ಡ.

ಬಡಗಿಗೆ ಕೆಲಸ ಒಪ್ಪಿಸುವಾಗ ಬಾಗಿಲಿನ ಹೊರಬದಿಗೆ 1 ಮಿ.ಮೀ., ಒಳಬದಿಗೆ 0.8 ಮಿ.ಮೀ. ಲ್ಯಾಮಿನೇಟ್ ಎಂದು ಬರೆಸಿಕೊಳ್ಳಿ. ಒಂದೇ ಬದಿಗೆ ಅಂಟಿಸಿದರೆ ಬರಿ ಬದಿ ತೇವ ಹೆಚ್ಚು ಹೀರಿ ಉಬ್ಬುತ್ತದೆ, ಬಾಗಿಲು ಬಾಗುತ್ತದೆ.