21 ಅಡಿಯೋ, 28 ಅಡಿಯೋ?

ಮಲ್ಪೆಯ ದಕ್ಕೆಯಲ್ಲಿ ದೊಡ್ಡ ಬೋಟಿಗೆ ಅದರದೇ ನ್ಯಾಯವಿದೆ. ಮಂಜುಗಡ್ಡೆ, ಡೀಸೆಲ್ ಜಾಸ್ತಿ ಹಿಡಿಸಿದರೆ ಆಳಸಮುದ್ರದಲ್ಲಿ ಜಾಸ್ತಿ ದಿನ ನಿಲ್ಲಬಹುದು; ತಂದ ಮೀನು ಖರ್ಚು ತೀರಿಸುತ್ತದೆ. ಜೂನ್ 1ರಿಂದ ಜುಲೈ 31ರ ನಿಷೇಧದ 61 ದಿನ ಬಿಟ್ಟರೆ ಬೋಟು ದುಡಿಯುತ್ತಲೇ ಇರುತ್ತದೆ. ಅಮೆರಿಕದ ಮಿಶಿಗನ್‌ಗೆ ಬಂದು ಸೇಂಟ್ ಕ್ಲೇರ್ ಸರೋವರಕ್ಕೆಂದು ಹಳೆಯ ಮೋಟಾರ್‌ಬೋಟು ಹುಡುಕುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಬೋಟು ನೀರಿನಲ್ಲಿರುವುದು ಹೆಚ್ಚೆಂದರೆ ಐದಾರು ತಿಂಗಳು, ಖರ್ಚು ಹನ್ನೆರಡು ತಿಂಗಳು, ಆದಾಯ ಸೊನ್ನೆ.

ಒಂದೇ ಔಟ್‌ಬೋರ್ಡ್ (ಹಿಂಬದಿಗೆ ಹೊರಗಡೆ ಸಿಕ್ಕಿಸುವ ಎಂಜಿನ್) ಇರುವ, ಅಷ್ಟೇನೂ ಹಳೆಯದಲ್ಲದ 21 ಅಡಿಯ ಬೋಟಿನ ಬೆಲೆಗೆ, ಎರಡು ಎಂಜಿನ್‌ನ ತೀರಾ ಹಳೆಯ 28 ಅಡಿಯದೂ ಸಿಗುತ್ತದೆ. ಹಾಸಿಗೆ, ಕಕ್ಕಸು, ಪುಟ್ಟ ಅಡುಗೆಕಟ್ಟೆ ನೋಡಿ ಮನಸ್ಸು ಅದರತ್ತಲೇ ವಾಲುತ್ತದೆ. ನನ್ನ ಒಲವು ಚಿಕ್ಕದರ ಕಡೆಗೆ.

ಅಗಲ 8 ಅಡಿ 6 ಇಂಚು ಮೀರದಿದ್ದರೆ ವಿಶೇಷ ಪರವಾನಗಿ ಇಲ್ಲದೆ ಟ್ರೈಲರ್ ಮೇಲೆ ಎಳೆದು ತಂದು ಮನೆಯಂಗಳದಲ್ಲೇ ಇಡಬಹುದು (ಬಡಾವಣೆಯ ಸಂಘ ಒಪ್ಪಬೇಕು, ಅದು ಬೇರೆ ಮಾತು). 28 ಅಡಿಯವು ಸಾಮಾನ್ಯವಾಗಿ ಇನ್ನೂ ಅಗಲ. ಬೋಟು ಕಟ್ಟುವ ಮರೀನಾದ ಜಾಗಕ್ಕೂ ಚಳಿಗಾಲದ ಹೊದಿಕೆಗೂ ಅಡಿ ಲೆಕ್ಕದಲ್ಲಿ ಹಣ ಕಟ್ಟಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಂಜಿನ್ 10 ಎಚ್‌ಪಿಗೆ ಗಂಟೆಗೆ ಸುಮಾರು 1 ಗ್ಯಾಲನ್ ಕುಡಿಯುತ್ತದೆ: 150 ಎಚ್‌ಪಿಗೆ 15, ಎರಡು 260ಕ್ಕೆ 52.

ನಿಜವಾದ ಪೆಟ್ಟು ಕೊಡುವುದು ಇಂಥ ಹಳೆಯ 28 ಅಡಿಯದರ ಸ್ಟರ್ನ್‌ಡ್ರೈವ್: ಎಂಜಿನ್ ಬೋಟಿನೊಳಗೆ, ಪ್ರೊಪೆಲ್ಲರ್ ತಿರುಗಿಸುವ ಭಾಗ ಹೊರಗೆ. ಅದು ಬೋಟಿನ ಹಿಂಬದಿಯ ಗೋಡೆಯಾದ ಟ್ರಾನ್ಸಮ್ ದಾಟುವಲ್ಲಿ ನೀರು ತಡೆಯುವ, ಮಡಿಕೆಮಡಿಕೆಯ ರಬ್ಬರ್ ಕೊಳವೆ ಇರುತ್ತದೆ, ಅದೇ ಬೆಲ್ಲೋಸ್. ಮಡಿಕೆಗಳನ್ನು ಬಿಡಿಸಿ ಬಿರುಕು ನೋಡಿ. ಅದು ಸೀಳಿದರೆ ನೀರು ಮೊದಲು ಡ್ರೈವ್ ಶಾಫ್ಟ್ ಹಿಡಿದಿರುವ ಗಿಂಬಲ್ ಬೇರಿಂಗ್ ಕೆಡಿಸುತ್ತದೆ, ಆಮೇಲೆ ಒಳನುಗ್ಗುತ್ತದೆ. ಕಟ್ಟಿಹಾಕಿದಲ್ಲೇ ಬೋಟು ಮುಳುಗುವುದುಂಟು. ಎಂಜಿನ್ ಓಡುವಾಗ ಸ್ಟೀರಿಂಗ್ ಎರಡೂ ಕಡೆ ತಿರುಗಿಸಿದರೆ ಗುರ್ರೆನ್ನುವ ಸದ್ದು ಬಂತೋ, ಬೇರಿಂಗ್ ಹೋಗಿದೆ. ಎರಡು ಎಂಜಿನ್ ಎಂದರೆ ಬೆಲ್ಲೋಸ್, ಇಂಪೆಲರ್ (ಎಂಜಿನ್ ತಣಿಸಲು ನೀರೆಳೆಯುವ ಚಕ್ರ), ಎಕ್ಸಾಸ್ಟ್ ರೈಸರ್ (ಹೊಗೆ ಹೋಗುವ ಕೊಳವೆ) ಎಲ್ಲವೂ ಎರಡೆರಡು. ಚಳಿಗಾಲಕ್ಕೆ ಮುಂಚೆ ಎಂಜಿನ್‌ನೊಳಗಿನ ನೀರು ಬಸಿಯದಿದ್ದರೆ ಅದು ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಸೀಳುತ್ತದೆ; ಆಯಿಲ್‌ಗೆ ನೀರು ಸೇರಿ ಹಾಲು ಬೆರೆಸಿದ ಚಹಾದಂತೆ ಕಂಡರೆ ಆ ಬೋಟು ಬೇಡ. ಔಟ್‌ಬೋರ್ಡ್ ನೆಟ್ಟಗೆ ಇಳಿಬಿಟ್ಟರೆ ನೀರು ತಾನೇ ಬಸಿದುಹೋಗುತ್ತದೆ, ಆ ತಲೆನೋವಿಲ್ಲ.

ಎರಡೂ ಬೋಟುಗಳಲ್ಲಿ ಟ್ರಾನ್ಸಮ್ಮನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ. ಸದ್ದು ಮಂಕಾದರೆ ಒಳಗಿನ ಮರ ಕೊಳೆತಿರುವ ಸಂಶಯ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ, ಸಿಲಿಂಡರುಗಳ ನಡುವೆ 10 ಪ್ರತಿಶತಕ್ಕಿಂತ ವ್ಯತ್ಯಾಸ ಇರಬಾರದು. ಚಳಿಗಾಲದಲ್ಲಿ ಅಗ್ಗಕ್ಕೆ ಸಿಕ್ಕಿದರೂ ನೀರಿನ ಮೇಲೆ ಓಡಿಸಿ ನೋಡಲಾಗದು. ಬಾಕಿ ಹಣ ವಸಂತದ ಓಟದ ನಂತರ ಎಂದು ಬರೆಸಿಕೊಳ್ಳಿ.

ಸೇಂಟ್ ಕ್ಲೇರ್‌ನ ಸರಾಸರಿ ಆಳ ಸುಮಾರು 11 ಅಡಿ. ಗಾಳಿ ಎದ್ದರೆ ಅಲೆಗಳು ಗಿಡ್ಡ, ಕಡಿದು, ಒತ್ತೊತ್ತಾಗಿ. 21 ಅಡಿಯದು ಅವುಗಳ ಮೇಲೆ ದಬದಬ ಬಡಿಯುತ್ತದೆ. ಹ್ಯೂರಾನ್ ಸರೋವರಕ್ಕೆ ಹೋಗಿ ರಾತ್ರಿ ತಂಗುವವರಿಗೆ 28 ಸರಿ. ಆದರೆ ಎರಡೂ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಹೋಗುತ್ತದೆ. ನೀವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ.