ಕೋಳಿಗೂ ಕಾಲಿದೆ ಸ್ವಾಮಿ!

ರೆಡಿಮೇಡ್ ಕೋಳಿ ಗೂಡು ಮಾರುವವರ ಮೇಲೆ ನನಗೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ. "ತಳಕ್ಕೆ ಜಾಲರಿ ಹಾಕಿದ್ದೇವೆ, ಹಿಕ್ಕೆ ಎಲ್ಲ ಕೆಳಗೆ ಬೀಳುತ್ತೆ, ಗುಡಿಸುವ ತಾಪತ್ರಯವೇ ಇಲ್ಲ" ಅಂದರು. ಹೌದು, ಹಿಕ್ಕೆ ಬೀಳುತ್ತದೆ. ಆದರೆ ಆ ತಂತಿಯ ಮೇಲೆ ನಿಲ್ಲಬೇಕಾದದ್ದು ಯಾರು?

ನಮ್ಮದು ಗಿರಿರಾಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲಿಕ್ಕೆಂದೇ ಮಾಡಿದ ತಳಿ. ಹುಂಜ 3–4 ಕೆಜಿ ಸಲೀಸಾಗಿ ತೂಗುತ್ತದೆ. ಅಷ್ಟು ಭಾರ ತೆಳ್ಳನೆಯ ತಂತಿಯ ಮೇಲೆ ಬಿದ್ದರೆ ಏನಾಗುತ್ತದೆ? ಮೊದಲು ಜಾಲರಿ ಜೋತುಬಿತ್ತು. ಆಮೇಲೆ ಅಂಗಾಲಲ್ಲಿ ಸಣ್ಣ ಗಾಯ. ಅದರೊಳಗೆ ಕೀವು ಗಟ್ಟಿಯಾಗಿ ಗಂಟಾಯಿತು. ಹುಂಜ ಒಂಟಿ ಕಾಲಲ್ಲಿ ಕುಂಟುವುದನ್ನು ನೋಡಲಿಕ್ಕೆ ಆಗುತ್ತಿರಲಿಲ್ಲ.

ಫೋನ್ ಮಾಡಿ ಕೇಳಿದರೆ, "ಮೊಟ್ಟೆ ಫಾರಂನಲ್ಲೂ ಜಾಲರಿಯೇ ಅಲ್ವಾ?" ಅಂತ ನನಗೇ ಪಾಠ. ಅಲ್ಲಿರುವುದು ಒಂದೂವರೆ ಕೆಜಿ ಆಸುಪಾಸಿನ ಹಗುರ ಹೇಂಟೆಗಳು, ತಂತಿಯೂ ಬೆಸುಗೆ ಹಾಕಿದ ಗಟ್ಟಿ ತಂತಿ. ನೀವು ಕೊಟ್ಟಿದ್ದು ಬೇಲಿಗೆ ಕಟ್ಟುವ ಆರು ಮೂಲೆಯ ಕೋಳಿ ಬಲೆ. ಅದನ್ನು ನಾಯಿ ಒಮ್ಮೆ ಕಚ್ಚಿ ಎಳೆದರೆ ಕಿತ್ತು ಬರುತ್ತದೆ. ಮರಿಗಳ ಕಾಲು ಬಲೆಯ ತೂತಿನಲ್ಲಿ ಸಿಕ್ಕಿಕೊಂಡರೆ ಕೆಳಗೆ ಹೆಗ್ಗಣ ಕಾದಿರುತ್ತದೆ. ಇದನ್ನು ಮಾರುವಾಗ ಯಾಕೆ ಹೇಳುವುದಿಲ್ಲ?

ಸರಿ, ಸಿಮೆಂಟ್ ನೆಲವೇ ವಾಸಿ ಅಂತ ಮೇಸ್ತ್ರಿಯನ್ನು ಕರೆಸಿದೆವು. ಮಣ್ಣಿನ ನೆಲ ನಮ್ಮ ಕಡೆ ಆಗುವುದೇ ಇಲ್ಲ. ಮಲೆನಾಡಿನ ಮಳೆಗೆ ನಾಲ್ಕು ತಿಂಗಳು ಪಸೆ ಆರುವುದಿಲ್ಲ, ಹೆಗ್ಗಣ ಬುಡದಿಂದಲೇ ಬಿಲ ತೋಡಿಕೊಂಡು ಒಳಗೆ ಬರುತ್ತದೆ. ಹಾಗಾಗಿ ಅಂಗಳಕ್ಕಿಂತ ಒಂದು ಅಡಿ ಎತ್ತರ ಮಾಡಿ, ನೀರು ಹರಿದು ಹೋಗುವಂತೆ ಬಾಗಿಲ ಕಡೆ ವಾಟ (ಇಳಿಜಾರು) ಕೊಡಿ ಅಂತ ಬಿಡಿಸಿ ಬಿಡಿಸಿ ಹೇಳಿದ್ದೆ. "ಕೋಳಿ ಗೂಡಿಗೆ ವಾಟ ಯಾಕೆ ಅಕ್ಕಾ, ಸುಮ್ನಿರಿ" ಅಂದ. ಅಂಗಳದ ಮಟ್ಟಕ್ಕೇ ಕಾಂಕ್ರೀಟ್ ಸುರಿದು, ದುಡ್ಡು ಎಣಿಸಿಕೊಂಡು ಹೋದ.

ಜೂನ್‌ನಲ್ಲಿ ಇರಚಲು ನೀರೆಲ್ಲ ಒಳಗೆ. ಭತ್ತದ ಹೊಟ್ಟು 3–4 ಇಂಚು ಹಾಸಿದ್ದೆ. ಒಣಗಿದ್ದರೆ ಅದರಷ್ಟು ಒಳ್ಳೆಯ ಹಾಸು ಇನ್ನೊಂದಿಲ್ಲ. ಹಿಕ್ಕೆಯ ನೀರನ್ನು ಹೀರಿಕೊಳ್ಳುತ್ತದೆ, ಕಾಲಿಗೆ ಮೆತ್ತಗಿರುತ್ತದೆ, ಆಗಾಗ ಕೆದಕುತ್ತಿದ್ದರೆ ವಾಸನೆಯೂ ಬರುವುದಿಲ್ಲ, ಕೊನೆಗೆ ಅಡಿಕೆ ಮರದ ಬುಡಕ್ಕೆ ಗೊಬ್ಬರ. ನೆನೆದರೆ ಮಾತ್ರ ಅದೇ ಹೊಟ್ಟು ವಿಷ. ಮೂಗು ಕಣ್ಣು ಉರಿಯುವಷ್ಟು ಅಮೋನಿಯಾ ಘಾಟು. ರಕ್ತಭೇದಿಯ ರೋಗಾಣು ಬೆಳೆಯುವುದೂ ಇಂಥ ಒದ್ದೆ ಹಾಸಿನಲ್ಲೇ. ಮರಿಗಳು ಮುದುಡಿ ಕೂತವು, ಹಿಕ್ಕೆಯಲ್ಲಿ ರಕ್ತ. ಅಮ್ಮ ಒಂದೊಂದನ್ನೇ ಎತ್ತಿಕೊಂಡು ಕೊಕ್ಕು ಬಿಡಿಸಿ ಔಷಧಿ ಹಾಕಿದರು. ಎಲ್ಲವೂ ಉಳಿಯಲಿಲ್ಲ.

ಯಾರನ್ನು ಕೇಳಿದರೂ ಒಂದೇ ಮಾತು, "ಕೋಳಿ ತಾನೆ." ಕೋಳಿ ಆದರೇನು? ಮಾತು ಕೊಟ್ಟ ಕೆಲಸ ಮಾತಿನ ಹಾಗೆ ಮಾಡಬಾರದಾ? ವಾಟ ಕೊಡಲು ಅವನಿಗೆ ಒಂದು ಗಂಟೆಯೂ ಜಾಸ್ತಿ ಹಿಡಿಯುತ್ತಿರಲಿಲ್ಲ. ಈಗ ಆ ಕಾಂಕ್ರೀಟ್ ಒಡೆಸಿ, ಎತ್ತರಿಸಿ, ಮತ್ತೆ ಹಾಕಿಸಬೇಕು. ಮೇಸ್ತ್ರಿ ಫೋನ್ ಎತ್ತುತ್ತಿಲ್ಲ. ಗೂಡು ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನುತ್ತಾರೆ. ಈ ಖರ್ಚು ಯಾರು ಕೊಡುತ್ತಾರೆ?