ಮಗುವಿಗೆ ಜ್ವರ ಬಂದರೆ ರಜೆ ಅಮ್ಮನದ್ದೇ ಯಾಕೆ?

ಸಿಕ್ ಲೀವ್ ಅಂತ ಕೊಡುತ್ತಾರೆ, ಆದರೆ ಎಷ್ಟೋ ಕಡೆ ಅದು ನಮ್ಮ ಸ್ವಂತ ಕಾಯಿಲೆಗೆ ಮಾತ್ರ. ಮಗುವಿಗೆ ಜ್ವರ ಬಂದರೆ, ಅತ್ತೆ ಜಾರಿ ಬಿದ್ದರೆ, ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಾದರೆ ಏನು ಮಾಡಬೇಕು? ಹೆಂಗಸರು ತಮಗೇ ಹುಷಾರಿಲ್ಲ ಅಂತ ಬರೆದು ಆ ರಜೆ ಹಾಕುತ್ತಾರೆ. ಆಮೇಲೆ ಅವರಿಗೇ ನಿಜವಾಗಿ ಜ್ವರ ಬಂದಾಗ ಒಂದೂ ರಜೆ ಉಳಿದಿರುವುದಿಲ್ಲ, ಮಾತ್ರೆ ನುಂಗಿ, ಕೆಂಪು ಕಣ್ಣಲ್ಲೇ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ.

ನನಗೆ ಸಿಟ್ಟು ಬರುವುದು ಇಲ್ಲೇ. ಶಾಲೆಯ ಫಾರ್ಮಿನಲ್ಲಿ ಇಬ್ಬರ ನಂಬರೂ ಇರುತ್ತದೆ, ಫೋನ್ ಮಾತ್ರ ಅಮ್ಮನಿಗೇ ಬರುತ್ತದೆ. ಅಪ್ಪ ರಜೆ ಕೇಳಿದರೆ 'ಯಾಕೆ, ಮನೆಯಲ್ಲಿ ಹೆಂಡತಿ ಇಲ್ವಾ?' ಅನ್ನುತ್ತಾರೆ. ಅವಳೂ ಕೆಲಸಕ್ಕೆ ಹೋಗುತ್ತಾಳೆ ಅಲ್ವಾ? ಅವಳು ಕೇಳಿದರೆ ಕೊಡುತ್ತಾರೆ, ಆದರೆ ಬಡ್ತಿ ಕೊಡುವಾಗ ಜಾಸ್ತಿ ರಜೆ ಹಾಕುವವಳು ಅಂತ ಪಕ್ಕಕ್ಕೆ ಸರಿಸುತ್ತಾರೆ.

ಅಮೆರಿಕದ 1993ರ ಕಾನೂನು ಮನೆಯವರ ಗಂಭೀರ ಕಾಯಿಲೆಗೂ ಬಳಸಬಹುದಾದ 12 ವಾರ ರಜೆ ಕೊಟ್ಟಿತು, ಅದೂ ಸಂಬಳ ಇಲ್ಲದೆ, ಎಲ್ಲರಿಗೂ ಅಲ್ಲ. ಒಬ್ಬರ ಸಂಬಳ ಹೋಗಲೇಬೇಕು ಅಂದರೆ ಕಡಿಮೆ ಸಂಬಳದವರೇ ಮನೆಯಲ್ಲಿ ಉಳಿಯುತ್ತಾರೆ, ಸಾಮಾನ್ಯವಾಗಿ ಅದು ಹೆಂಡತಿ. ಸ್ವೀಡನ್‌ನಲ್ಲಿ ಹುಷಾರಿಲ್ಲದ ಮಗುವನ್ನು ನೋಡಿಕೊಳ್ಳಲು ವರ್ಷಕ್ಕೆ 120 ದಿನದವರೆಗೆ ಭತ್ಯೆ ಸಿಗುತ್ತದೆ, ಅಪ್ಪನೂ ತೆಗೆದುಕೊಳ್ಳಬಹುದು. ಅಲ್ಲೂ ಅಮ್ಮಂದಿರೇ ಜಾಸ್ತಿ ತೆಗೆದುಕೊಳ್ಳುತ್ತಾರೆ!

ಮನೆಯವರ ಕಾಯಿಲೆಗೆ ಬೇರೆ ರಜೆ ಕೊಡಿ, ಸಂಬಳದ ಜೊತೆಗೇ. ಅಪ್ಪನ ಪಾಲು ಅಪ್ಪನೇ ಬಳಸಬೇಕು, ಇಲ್ಲದಿದ್ದರೆ ಹೋಯಿತು ಅಂತ ನಿಯಮ ಮಾಡಿ.